ಜಂಬಕ್ಕನ ಪಾಲಿನ ಕಂದಾಯ

ಏಪ್ರಿಲ್ ಎಂಟರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಜಂಬಕ್ಕ ಅರವತ್ತನಾಲ್ಕನೆಯ ಜೋಳದ ರೊಟ್ಟಿ ತಟ್ಟುತ್ತಿದ್ದರು. ಹೊಸಪೇಟೆಯ ಎರಡು ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ರೊಟ್ಟಿ ಕೊಡುವುದು ಅವರ ಹದಿನೇಳು ವರ್ಷದ ಕೆಲಸ. ಬಾಗಿಲ ಮುಂದೆ ಬೈಕ್ ನಿಂತಿತು. ಮನೆ ಮಾಲೀಕ ಹಾಲಸ್ವಾಮಿ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವವರು, ಒಳಗೆ ಬಾರದೆ ಹೊಸ್ತಿಲಾಚೆಯೇ ನಿಂತರು.

“ಕಂದಾಯ ಏರೈತಿ ಜಂಬಕ್ಕ. ಬರೋ ತಿಂಗಳಿಂದ ಬಾಡಿಗಿ ಮುನ್ನೂರು ಜಾಸ್ತಿ ಕೊಡ್ರಿ.”

“ಚೀಟಿ ತೋರಸ್ರಿ ಸಾವ್ಕಾರ್ರ.”

“ಕಂಪ್ಲಿ ಮನ್ಯಾಗ ಐತಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?”

“ನಿಮ್ಮ ಮ್ಯಾಲ ಐತ್ರಿ. ಕಾಣದ ಚೀಟಿ ಮ್ಯಾಲ ಇಲ್ಲ.”

ಜಂಬಕ್ಕನ ಅನುಮಾನ ಹೊಸದಲ್ಲ. ಜೋಳ ಬೀಸಲು ಕೊಟ್ಟರೆ ಹಿಟ್ಟು ಕೈಗೆ ಬರುವವರೆಗೂ ಗಿರಣಿಯ ಮುಂದೆ ಕೂರುತ್ತಾರೆ. ಸೌದೆ ತೂಗಿಸಿದ ಮೇಲೆ ಖಾಲಿ ತಕ್ಕಡಿಯನ್ನೂ ಒಮ್ಮೆ ನೋಡುತ್ತಾರೆ. ಆದರೆ ಈ ಸಲ ಅನುಮಾನದ ಜೊತೆ ಅಂಜಿಕೆಯೂ ಇತ್ತು. ಗೋಡೆ ಕಪ್ಪಾಗುತ್ತದೆಂದು ಸೌದೆ ಒಲೆಗೆ ಯಾರೂ ಮನೆ ಕೊಟ್ಟಿರಲಿಲ್ಲ. ಕೊಟ್ಟವರು ಹಾಲಸ್ವಾಮಿ ಒಬ್ಬರೇ. ಈ ಮನೆ ಹೋದರೆ ಒಲೆ ಹೋಗುತ್ತದೆ, ಒಲೆ ಹೋದರೆ ರೊಟ್ಟಿ.

ಆ ಸಾಲಿನಲ್ಲಿ ಒಂದೇ ಅಳತೆಯ ಆರು ಮನೆ. ಸಂಡೂರಿನ ಕಡೆ ಅದಿರು ಲಾರಿ ಓಡಿಸುವ ಪಾಲಪ್ಪ ಪಕ್ಕದಲ್ಲೇ ಇದ್ದಾನೆ.

“ಸುಮ್ನ ಕೊಟ್ಟುಬಿಡು ಅಕ್ಕ,” ಎಂದ. “ಕೆದಕಿದ್ರ ಮೊದ್ಲು ಹೊರಗ ಬೀಳೋದು ನಿನ್ನ ಒಲಿ.”

“ಭಾಳ ಧಾರಾಳ ಆಗೀಯಲ್ಲಲೇ. ನಿನಗೂ ಮುನ್ನೂರು ಹೇಳ್ಯಾರೋ, ಇಲ್ಲೋ?”

ತನಗೂ ಅಷ್ಟೇ ಹೇಳಿದ್ದಾರೆಂದು ಪಾಲಪ್ಪ ಆಣೆ ಇಟ್ಟ. ಜಂಬಕ್ಕ ಅರ್ಧ ನಂಬಿದರು.

ಮರುದಿನ ರೊಟ್ಟಿ ಮುಟ್ಟಿಸಿ, ಬಾಗಿಲ ಮೇಲಿನ ತಗಡಿನಲ್ಲಿದ್ದ ಆಸ್ತಿ ಸಂಖ್ಯೆಯನ್ನು ಬರೆದುಕೊಂಡು ನಗರಸಭೆಗೆ ಹೋದರು. ಕಂದಾಯದ ಕೌಂಟರಿನಲ್ಲಿ ರಮಾ ಎಂಬ ಗುಮಾಸ್ತೆ ಇದ್ದರು.

“ಮನಿ ನಿಮ್ದೇನ್ರಿ?”

“ಮನಿ ಅವರ್ದು. ಒಲಿ ನಂದು.”

ರಮಾ ನಕ್ಕು ಕಂಪ್ಯೂಟರ್ ನೋಡಿ ಹೇಳಿದರು: ಆರೂ ಮನೆ ಸೇರಿ ಕಂದಾಯ ಹೋದ ವರ್ಷ 6,840 ರೂಪಾಯಿ, ಈ ವರ್ಷ ಕಸದ ಶುಲ್ಕವೂ ಏರಿ 7,272. ಬೇರೆ ಯಾರದೋ ಆಸ್ತಿ ಇರಬಹುದೆಂದು ಜಂಬಕ್ಕ ಮಾಲೀಕರ ಹೆಸರನ್ನೂ ಓದಿಸಿದರು. ಹೆಸರು ಸರಿಯಿತ್ತು. ಕಂದಾಯ ಏರಿದ್ದೂ ನಿಜವಿತ್ತು.

ನೀರಿನ ಮೋಟರಿನ ಕರೆಂಟ್ ಬಿಲ್ಲನ್ನು ತಿಂಗಳಿಗೊಮ್ಮೆ ಜಂಬಕ್ಕನ ಕಟ್ಟೆಯ ಮೇಲೆ ಕೂತು ಆರು ಮನೆಗೆ ಸಮನಾಗಿ ಹಂಚುವುದು ಆ ಸಾಲಿನ ರೂಢಿ. ಏರಿದ ಕಂದಾಯವನ್ನೂ ಅವರು ಹಾಗೆಯೇ ಆರು ಮನೆಗೆ, ಆಮೇಲೆ ಹನ್ನೆರಡು ತಿಂಗಳಿಗೆ ಹಂಚಿದರು. ಬಂದ ಉತ್ತರ ನೋಡಿ ತಮ್ಮ ಮೇಲೆಯೇ ಅನುಮಾನ ಹುಟ್ಟಿ, ಪಾಲಪ್ಪನ ಕೈಲಿ ಮತ್ತೊಮ್ಮೆ ಮಾಡಿಸಿದರು.

ಮೇ ಒಂದರಂದು ಹಾಲಸ್ವಾಮಿ ಬಾಡಿಗೆಗೆ ಬಂದಾಗ ಆರೂ ಮನೆಯವರು ಕಟ್ಟೆಯ ಸುತ್ತ ಇದ್ದರು. ಅವತ್ತಿನ ಮಾತು ನೂರು ರೂಪಾಯಿ ಏರಿಕೆಗೆ ಮುಗಿಯಿತು. “ಊರಾಗ ಎಲ್ಲಾ ಕಡೆ ಬಾಡಿಗಿ ಏರ್ಯಾವ, ಅದಕ್ಕ ಕೇಳಿದೆ” ಎಂದು ಹಾಲಸ್ವಾಮಿ ಕೊನೆಗೆ ಒಪ್ಪಿಕೊಂಡರು. ಒಲೆ ಇದ್ದಲ್ಲೇ ಇದೆ. ನೂರು ಕೊಡುವುದಕ್ಕೆ ಜಂಬಕ್ಕನಿಗೆ ಸಿಟ್ಟಿಲ್ಲ, ಆದರೆ ಈಗ ಪ್ರತಿ ತಿಂಗಳೂ ರಶೀದಿ ಕೇಳುತ್ತಾರೆ, ಅದರ ತಾರೀಖನ್ನೂ ನೋಡುತ್ತಾರೆ.

ಅಂದು ಮಾತಿನ ನಡುವೆ ಹಾಲಸ್ವಾಮಿ, “ಹಂಗಾದ್ರ ಒಲಿ ತಗೀರಿ” ಎಂದು ದನಿ ಏರಿಸಿದ್ದರು. ಆದರೂ ಜಂಬಕ್ಕ ಆರು ಮನೆಗೂ ಕೇಳುವಂತೆ ಹೇಳಿದ್ದರು:

“ಬಾಡಿಗಿ ಏರಸ್ತೀನಿ ಅನ್ರಿ, ಮಾತಾಡೋಣು. ಕಂದಾಯ ಅಂದ್ರ, ತಿಂಗಳಿಗೆ ನನ್ನ ಪಾಲು ಆರು ರೂಪಾಯಿ.”