ನನ್ನ ಕತ್ತಿನ ಅಳತೆ

ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಜನರಿಗೆ ಅರಿವಳಿಕೆ ಕೊಡುವುದೇ ನನ್ನ ಕೆಲಸ. ದಪ್ಪ ಮೈಯವರಿಗೆ ಆಪರೇಷನ್ ಇದ್ದರೆ ಹಿಂದಿನ ದಿನವೇ ಟೇಪು ಹಿಡಿದು ಹೋಗುತ್ತೇನೆ. ಕತ್ತು ಎಷ್ಟು ದಪ್ಪ, ಬಾಯಿ ಎಷ್ಟು ತೆರೆಯುತ್ತದೆ, ಗೊರಕೆ ಇದೆಯೇ, ಎಲ್ಲ ನೋಡಬೇಕು. ಅರಿವು ತಪ್ಪಿಸಿ ಮಲಗಿಸಿದ ಮೇಲೆ ಉಸಿರಿನ ನಳಿಕೆ ಹಾಕಲು ದಾರಿ ಸಿಗದಿದ್ದರೆ ಮನುಷ್ಯ ಕೈತಪ್ಪಿ ಹೋಗುತ್ತಾನೆ. ಅದಕ್ಕೇ ಯಾರಾದರೂ ಸುಳ್ಳು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ವರ್ಷ ನನ್ನದೇ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ನಿಗದಿಯಾಯಿತು. ನನ್ನ ಮೈಯೇನು ಕಡಿಮೆಯದಲ್ಲ. ನಮ್ಮ ಬಡಾವಣೆ ಕಾತ್ರಜದಲ್ಲಿ ನಾನೂ ಹೆಂಡತಿಯೂ ರಿಕ್ಷಾ ಹತ್ತಿದರೆ ಮೂರನೆಯವರು ಬೇರೆ ರಿಕ್ಷಾ ನೋಡಿಕೊಳ್ಳಬೇಕು. ಅರಿವಳಿಕೆ ಕೊಡಬೇಕಾದವಳು ನನ್ನ ಕೈಯಲ್ಲೇ ಕಲಿತ ಬೆಳಗಾವಿಯ ಹುಡುಗಿ. ಹಿಂದಿನ ದಿನ ನನ್ನ ವಾರ್ಡಿಗೆ ಟೇಪು ಹಿಡಿದೇ ಬಂದಳು.

"ಬಾಯಿ ತೆಗದು ನಾಲಿಗಿ ಹೊರಗ ಹಾಕ್ರಿ, ಸರ್."

ನಾಲಿಗೆಯ ಹಿಂದೆ ಗಂಟಲು ಎಷ್ಟು ಕಾಣುತ್ತದೆ ಎಂದು ನೋಡುವ ಪರೀಕ್ಷೆ ಅದು. 'ಆ' ಎಂದು ದನಿ ತೆಗೆದರೆ ಅಂಗುಳ ಮೇಲೇರಿ, ಇಲ್ಲದ ಜಾಗ ಇದ್ದಂತೆ ತೋರುತ್ತದೆ. ರೋಗಿ ದನಿ ತೆಗೆಯಬಾರದು. ನಾನು ಉದ್ದಕ್ಕೆ 'ಆ' ಎಂದೆ.

"ದನಿ ಬ್ಯಾಡ್ರಿ, ಸರ್. ನೀವ ಕಲಿಸೀರಿ ನನಗ."

ಗಂಟಲಿನ ದಾರಿ ಕಷ್ಟದ್ದು ಎಂದು ತೀರ್ಮಾನವಾದರೆ ರೋಗಿ ಎಚ್ಚರವಿದ್ದು ತಾನೇ ಉಸಿರಾಡುತ್ತಿರುವಾಗಲೇ ಮೂಗಿನಿಂದ ನಳಿಕೆ ಇಳಿಸುತ್ತಾರೆ. "ಏನೂ ಆಗೂದಿಲ್ರಿ, ಸ್ವಲ್ಪ ಕೆಮ್ಮು ಬರತದ" ಎಂದು ಎಷ್ಟೋ ಜನರಿಗೆ ನಾನೇ ಇಳಿಸಿದ್ದೇನೆ. ಅವರ ಮುಖಗಳು ನನಗೆ ಚೆನ್ನಾಗಿ ನೆನಪಿದ್ದವು.

ಕತ್ತು ನಲವತ್ತಾರು ಸೆಂಟಿಮೀಟರ್ ಬಂತು; ನಲವತ್ತು ದಾಟಿದರೇ ನಮಗೆ ಚಿಂತೆ. ಟೇಪು ಕುಗ್ಗಿ ಹಾಳಾಗಿದೆ ಎಂದೆ. ಆಕೆ ಅದೇ ನಲವತ್ತಾರನ್ನು ಬರೆದುಕೊಂಡಳು.

"ಗೊರಕಿ ಹೊಡೀತೀರೇನ್ರಿ?"

"ಇಲ್ಲ," ಎಂದೆ.

ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಸುಳ್ಳ ಬರಕೋಬ್ಯಾಡವಾ. ಮಗ್ಗಲ ಮನಿಯವರು ಬಂದು ಏನ ಸಪ್ಪಳ ಅಂತ ಕೇಳ್ಯಾರ." ಆಮೇಲೆ ದನಿ ತಗ್ಗಿಸಿದಳು. "ನಡುನಡುವ ಉಸಿರ ನಿಂತಬಿಡತದ. ನಾ ಎಣಸ್ಕೋತ ಇರತೀನಿ. ಇಪ್ಪತ್ತು ಎಣಸಿದ್ರೂ ಬರಲಿಲ್ಲಂದ್ರ ತಿವೀತೀನಿ."

ಆ ತಿವಿತಕ್ಕೆ ಎಷ್ಟು ಬೈದಿದ್ದೆನೋ ಲೆಕ್ಕವಿಲ್ಲ. ನನ್ನ ನಿದ್ದೆ ಕೆಡಿಸುವುದು ಇವಳ ಚಟ ಎಂದುಕೊಂಡಿದ್ದೆ. ನನಗೆ ಭಾರಿ ನಾಚಿಕೆಯಾಯಿತು. ಹುಡುಗಿ ಕೆಳಗೆ ಬರೆದಳು: ಎಚ್ಚರದಲ್ಲೇ ನಳಿಕೆ.

ಮರುದಿನ ಬೆಳಿಗ್ಗೆ ಮೂಗಿನ ಹತ್ತಿರ ನಳಿಕೆ ತಂದು, "ಏನೂ ಆಗೂದಿಲ್ರಿ ಸರ್, ಸ್ವಲ್ಪ ಕೆಮ್ಮು ಬರತದ" ಎಂದಳು. ಕಣ್ಣು ಮೂಗು ಎರಡರಲ್ಲೂ ನೀರು ಸುರಿಯಿತು. ಜೀವಮಾನದ ಕೆಮ್ಮನ್ನೆಲ್ಲ ಒಂದೇ ಸಲಕ್ಕೆ ಕೆಮ್ಮಿದೆ. ಮನಸ್ಸಿನಲ್ಲೇ ಅವಳಿಗೆ ಸಹಸ್ರನಾಮ ಮಾಡಿದೆ. ನಳಿಕೆ ಒಳಗಿಳಿದ ಮೇಲಷ್ಟೇ ನನ್ನನ್ನು ಮಲಗಿಸಿದಳು.

ಎಚ್ಚರವಾದಾಗ ಮಂಚದ ಪಕ್ಕದಲ್ಲೇ ನಿಂತಿದ್ದಳು. "ನೀವು ಮಲಗಿದ ಮ್ಯಾಲೆ ಬಾಯಾಗ ಲೈಟ್ ಹಾಕಿ ಒಮ್ಮೆ ನೋಡಿದೆ, ಸರ್. ನಾಲಿಗಿ ಬಿಟ್ಟರ ಏನೂ ಕಾಣಲಿಲ್ಲ. ಮೊದಲ ಮಲಗಿಸಿದ್ದರ ನನ್ನ ಕೈಲೆ ಆಗತಿರಲಿಲ್ಲ."

ನಳಿಕೆ ಇದ್ದ ಗಂಟಲು ಇನ್ನೂ ಉರಿಯುತ್ತಿತ್ತು. ಮಲಗಿದಲ್ಲೇ ನನ್ನ ಶಿಷ್ಯೆಗೆ ಕೈ ಮುಗಿದೆ.