ಕಡಲ ಮೊಲಕ್ಕೆ ತುಂಬಿದ ಉಡಿ

ನಮ್ಮ ಕಡೆಯ ಹೆಂಗಸರು ನೀರು ಕಂಡರೆ ಗಂಗವ್ವನಿಗೆ ಉಡಿ ತುಂಬದೆ ಬರುವುದಿಲ್ಲ. ಹೊಳೆಯಾಗಲಿ, ಕೆರೆಯಾಗಲಿ, ಹೊಸದಾಗಿ ಕೊರೆಸಿದ ಬೋರೇ ಆಗಲಿ, ಅರಿಷಿಣ, ಕುಂಕುಮ, ಹಸಿರು ಬಳೆ, ಖಣ, ತೆಂಗಿನಕಾಯಿ ಒಪ್ಪಿಸಿ ಕೈ ಮುಗಿದ ಮೇಲೆಯೇ ಮುಂದಿನ ಮಾತು. ಹೋದ ಚಳಿಗಾಲದಲ್ಲಿ ಇಳಕಲ್ಲಿನ ನಮ್ಮ ಓಣಿಯವರು ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೊರಟಾಗ ನಾನು ಉಡಿಯ ಸಾಮಾನನ್ನು ಬೇಕಾದ್ದಕ್ಕಿಂತ ಹೆಚ್ಚೇ ಕಟ್ಟಿಕೊಂಡೆ. ಬೇಡಿಕೊಳ್ಳುವುದು ನನ್ನ ಸೊಸೆಯ ಸಲುವಾಗಿ ಇತ್ತು.

ಸೊಸೆ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆಯಾಗಿ ವರ್ಷಗಳಾದವು, ಎರಡು ಬಸಿರು ನಿಂತವು, ಎರಡೂ ಉಳಿಯಲಿಲ್ಲ. ಅವಳೂ ನಮ್ಮ ಜೊತೆ ಹೊರಟಿದ್ದಳು. ಬಸ್ಸು ಹತ್ತುವ ಮೊದಲು ನನ್ನನ್ನು ಬದಿಗೆ ಕರೆದು ಒಂದೇ ಮಾತು ಕೇಳಿಕೊಂಡಿದ್ದಳು.

“ಅತ್ತಿ, ಮಂದ್ಯಾಗ ನನ್ನ ವಿಷ್ಯಾ ತಗೀಬ್ಯಾಡ್ರಿ.”

ನಾನು ಹೂಂ ಎಂದು ತಲೆಯಾಡಿಸಿದ್ದೆ.

ಮಲಪ್ರಭೆಯ ನೀರು ಕಂಡ ನಮಗೆ ಸಮುದ್ರದ ತೆರೆ ಅಂಜಿಕೆ ಹುಟ್ಟಿಸಿತು. ಈ ಗಂಗವ್ವ ಭಾಳ ಸಿಟ್ಟಿನಾಕಿ, ದೂರದಿಂದಲೇ ಮಾತಾಡಿಸಿರಿ ಎಂದು ಪಕ್ಕದ ಮನೆಯಾಕೆ ನಗಿಸಿದಳು. ಹಾಗಾಗಿ ನಾವು ಬಂಡೆಗಳ ಕಡೆ ಹೋದೆವು. ನೀರು ಇಳಿದ ಹೊತ್ತು. ಬಂಡೆಯ ತಗ್ಗಿನಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲದ ಒಂದು ಹೊಂಡ ತಿಳಿಯಾಗಿ ನಿಂತಿತ್ತು. ತಳದಲ್ಲಿ ಕೆಂಪು ಪಾಚಿ. ಅಲ್ಲೇ ಕುಳಿತು ಅರಿಷಿಣ ಹಾಕಿದೆ, ಬಳೆ ಬಿಟ್ಟೆ, ಬೊಗಸೆ ತುಂಬ ಕುಂಕುಮ ಸುರಿದೆ.

ಹೊಂಡದ ತಳದಿಂದ ಬಣ್ಣ ಎದ್ದಿತು. ನೇರಳೆ ಹಣ್ಣು ಹಿಚುಕಿದಂಥ ದಟ್ಟ ಬಣ್ಣ, ಹೊಗೆಯ ಹಾಗೆ ಸುತ್ತಿ ಸುತ್ತಿ ಮೇಲೆ ಬಂತು. ನನ್ನ ಕುಂಕುಮಕ್ಕೆ ಅಂಥ ಬಣ್ಣವಿಲ್ಲ. ನನ್ನ ಮೈ ಜುಮ್ಮೆಂದಿತು. ತಾಯಿ ಉತ್ತರ ಕೊಟ್ಟಳೆಂದು, ನನ್ನ ಸೊಸೆಯ ಬಂಜೆತನ ಹರಿಯಿತೆಂದು, ಈ ವರ್ಷ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವುದೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಂಜೆತನ ಎಂಬ ಮಾತು ನನ್ನ ಬಾಯಿಂದಲೇ ಬಂತು.

ಬಸ್ಸಿನ ಹೆಂಗಸರೆಲ್ಲ ಸುತ್ತುಗಟ್ಟಿದರು. ಒಬ್ಬೊಬ್ಬರೂ ತಮ್ಮ ಕುಂಕುಮ ಸುರಿದರು. ನೀರು ಮತ್ತಷ್ಟು ನೇರಳೆಯಾಯಿತು, ಭಕ್ತಿಯೂ ಮತ್ತಷ್ಟು ಏರಿತು. ಒಬ್ಬಳು ಆ ನೀರನ್ನು ಬೊಗಸೆಯಲ್ಲಿ ಹಿಡಿದು ಸೊಸೆಯ ಹೊಟ್ಟೆಗೆ ಹಚ್ಚಲು ಎದ್ದಳು.

ಸೊಸೆ ಅವಳನ್ನು ದಾಟಿ ಬಂದು ಹೊಂಡದ ಬದಿ ಮೊಣಕಾಲೂರಿದಳು. ನಮ್ಮ ಬುತ್ತಿಯ ಸ್ಟೀಲ್ ಡಬ್ಬಿಯಲ್ಲಿ ಸಮುದ್ರದ ಹೊಸ ನೀರು ತುಂಬಿಸಿಕೊಂಡು, ಇನ್ನೊಂದು ಕೈಯನ್ನು ಆ ಬಣ್ಣದೊಳಗೆ ಇಳಿಸಿ, ಮೆತ್ತಗೆ ಏನನ್ನೋ ಎತ್ತಿದಳು. ಎಣ್ಣೆಗಾಯಿಯ ಬದನೆಯಷ್ಟು ದೊಡ್ಡ, ಕಂದು ಬಣ್ಣದ, ಎಲುಬಿಲ್ಲದ ಜೀವ. ತಲೆಯ ಮೇಲೆ ಎರಡು ಕಿವಿಯಂಥವು. ಮೈ ಮುದುಡಿಕೊಂಡಿತ್ತು.

“ಅಂಜೇತಿ ಅತ್ತಿ ಇದು,” ಎಂದಳು. “ಅಂಜಿದಾಗ ಹಿಂಗ ಬಣ್ಣಾ ಬಿಡತೈತಿ.”

ಅದನ್ನು ಡಬ್ಬಿಯಲ್ಲಿಟ್ಟುಕೊಂಡು ದೂರದ ಇನ್ನೊಂದು ಹೊಂಡಕ್ಕೆ ಬಿಟ್ಟು ಬಂದಳು. ದೇವಿ ಕೊಟ್ಟದ್ದನ್ನು ಹಿಂಗೆ ದೂರ ಮಾಡುವವರಿಗೆ ಮಕ್ಕಳು ಹೇಗೆ ಆದಾವು ಎಂದು ಹಿಂದಿನಿಂದ ಯಾರೋ ಅಂದರು. ಅವಳಿಗೂ ಕೇಳಿಸಿತು, ನನಗೂ ಕೇಳಿಸಿತು. ನಾನು ಕುಂಕುಮದ ಖಾಲಿ ಪೊಟ್ಟಣ ಮಡಚುತ್ತ ಕುಳಿತೆ.

ಮರಳಿ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಚಹಕ್ಕೆ ಬಸ್ಸು ನಿಂತಿತು. ಅವಳು ಇಳಿಯಲಿಲ್ಲ. ಎರಡು ಚಹ ಹಿಡಿದು ನಾನೇ ಹತ್ತಿ ಹೋಗಿ ಪಕ್ಕ ಕುಳಿತೆ. ತಪ್ಪಾಯಿತು ಎನ್ನುವ ಬದಲು ಅದು ಯಾವ ಪ್ರಾಣಿ ಎಂದು ಕೇಳಿದೆ. ಶಿವನ ದಯೆ, ಅವಳು ಮುಖ ತಿರುಗಿಸಲಿಲ್ಲ.

ಅದಕ್ಕೆ ಕಡಲ ಮೊಲ ಅನ್ನುತ್ತಾರಂತೆ, ಆ ಕಿವಿಗಳಿಗಾಗಿ. ಕಿವಿಯಲ್ಲ ಅವು, ವಾಸನೆ ಹಿಡಿಯುವ ಕೊಂಬು. ನಮ್ಮ ಮಳೆಗಾಲದ ಬಸವನಹುಳುವಿನ ಬಳಗ. ಚಿಪ್ಪು ಮಾತ್ರ ಉಗುರಿನಷ್ಟು ತೆಳುವಾಗಿ ಮೈಯೊಳಗೇ ಅಡಗಿದೆ. ಕೆಂಪು ಪಾಚಿ ತಿಂದು ಅದರ ಬಣ್ಣವನ್ನೇ ಕೂಡಿಟ್ಟುಕೊಂಡು, ಏಡಿಯಂಥವು ಮೇಲೆ ಬಿದ್ದಾಗ ಬಿಡುತ್ತದೆ. ಅದರ ಬಂಧುಗಳನ್ನು ಫೋನಿನಲ್ಲಿ ತೋರಿಸಿದಳು. ಒಂದು, ಚುಚ್ಚುವ ಪ್ರಾಣಿಗಳನ್ನು ತಿಂದು ಅವುಗಳ ಮುಳ್ಳನ್ನೇ ತನ್ನ ಬೆನ್ನಿಗೆ ಕಾವಲಿಟ್ಟುಕೊಳ್ಳುತ್ತದೆ. ಇನ್ನೊಂದು ಪಾಚಿಯ ಹಸಿರನ್ನು ಮೈಯಲ್ಲಿ ಉಳಿಸಿಕೊಂಡು ಎಲೆಯ ಹಾಗೆ ಬಿಸಿಲಿಗೆ ಮೈ ಒಡ್ಡುತ್ತದೆ. ಹಳದಿ ಅಂಚು, ನೀಲಿ ಚುಕ್ಕೆ, ಬೆನ್ನ ಮೇಲೆ ಹೂವಿನಂಥ ಕಿವಿರು. ನಮ್ಮ ಮಗ್ಗದವರೂ ಸೀರೆಯ ದಡಿಗೆ ಇಷ್ಟು ಬಣ್ಣ ಹಾಕಿರಲಿಕ್ಕಿಲ್ಲ. ಕಡಲ ಮೊಲ ಒಂದೊಂದೂ ಗಂಡೂ ಹೌದು, ಹೆಣ್ಣೂ ಹೌದು. ಮೊಟ್ಟೆಗಳನ್ನು ಗಂಟುಗಂಟಾದ ಶಾವಿಗೆಯ ಎಳೆಯ ಹಾಗೆ ಇಡುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಒಂದು ವರ್ಷದ ಆಸುಪಾಸು.

“ಲಕ್ಷಗಟ್ಟಲೆ ಇಟ್ರೂ ಉಳಿಯೂವು ಭಾಳ ಕಡಿಮಿ, ಅತ್ತಿ,” ಎಂದಳು. “ಅದಕ್ಕ ಯಾರೂ ಏನೂ ಅನ್ನಂಗಿಲ್ಲ.”

ನೀನು ಬಿಟ್ಟು ಬಂದದ್ದು ಬದುಕೀತೇ ಎಂದಷ್ಟೇ ಕೇಳಿದೆ. ಗೊತ್ತಿಲ್ಲ ಎಂದಳು, ಕಿವಿರಿಗೆ ಪುಡಿ ಮೆತ್ತಿದ್ದರೆ ಕಷ್ಟ, ಆದರೆ ನೀರು ಮತ್ತೆ ಏರುವ ಹೊತ್ತಾಗಿತ್ತು. ಅಷ್ಟಾದರೂ ದೇವರು ಇಟ್ಟನಲ್ಲ ಎಂದುಕೊಂಡೆ.

ಊರಿಗೆ ನಮಗಿಂತ ಮೊದಲು ಸುದ್ದಿ ಮುಟ್ಟಿತ್ತು. ಗಂಗವ್ವ ಬಣ್ಣ ಕೊಟ್ಟ ಕಥೆಯಲ್ಲಿ ಹುಳುವಿನ ಮಾತೇ ಇರಲಿಲ್ಲ. ಕೇಳಿದವರಿಗೆಲ್ಲ ನಾನು ಹೂಂ ಅನ್ನದೆ, ಉಹೂಂ ಅನ್ನದೆ ತಪ್ಪಿಸಿಕೊಂಡೆ. ಆಮೇಲೆ ಒಂದು ರವಿವಾರ ಶಿರೂರಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೂ ಮಕ್ಕಳಿಲ್ಲ. ಹುಡುಗಿ ಬಂದಾಗಿನಿಂದ ನೆಲ ನೋಡುತ್ತ ಕುಳಿತಿದ್ದಳು. ಯಾವ ಬಂಡೆ, ಯಾವ ಹೊಂಡ ಹೇಳಿರಿ, ನಾವೂ ಸೇರು ಕುಂಕುಮ ಒಯ್ಯುತ್ತೇವೆ ಎಂದು ತಾಯಿ ನನ್ನ ಕೈ ಹಿಡಿದಳು. ಒಳಗೆ ಸೊಸೆ ಮೆಂತ್ಯ ಸೊಪ್ಪು ಸೋಸುತ್ತಿದ್ದ ಸದ್ದು ನಿಂತಿತು.

“ದೇವಿ ಏನೂ ಹೇಳಿಲ್ಲವ್ವಾ,” ಎಂದೆ. “ಅಲ್ಲೊಂದು ಸಣ್ಣ ಜೀವ ಇತ್ತು. ನಾ ಕುಂಕುಮ ಸುರಿದದ್ದಕ್ಕ ಅಂಜಿ ಬಣ್ಣಾ ಬಿಡ್ತು. ಅದನ್ನ ಉತ್ತರಾ ಅಂತ ತಿಳಕೊಂಡು ನಾ ಮಂದ್ಯಾಗ ನನ್ನ ಸೊಸಿ ಮಾನಾ ಕಳದೆ. ನೀ ಕುಂಕುಮಾ ಒಯ್ಯಬ್ಯಾಡ. ಮಗಳನ್ನೂ ಒಯ್ಯಬ್ಯಾಡ.”

ತಾಯಿಯ ಮುಖ ಇಳಿಯಿತು. ಇಷ್ಟು ದಿನ ಮಂದಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹುಡುಗಿ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು.

ಸೊಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆ ಹುಡುಗಿಯ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ತಾಯಿ ನಾಲ್ಕು ಹೆಜ್ಜೆ ಹಿಂದೆ. ಸೊಸೆ ಮೇಡಂ ಅವರ ಶಾಲೆಗೆ ಅತ್ತಿಯೂ ಹೆಸರು ಹಚ್ಚಿದಳು ಎಂದು ಓಣಿಯಲ್ಲಿ ಈಗ ನಗುತ್ತಾರೆ, ನಗಲಿ. ಆ ದಿನ ಸೊಸೆ ಬಹಳ ಹೊತ್ತಿಗೆ ತಿರುಗಿ ಬಂದಳು. ದಾರಿಯಲ್ಲಿ ಆ ಇಬ್ಬರು ಏನು ಮಾತಾಡಿದರೋ, ನಾನು ಕೇಳಲಿಲ್ಲ. ಅವಳು ಸೋಸಿಟ್ಟ ಮೆಂತ್ಯ ತೊಳೆದು ಒಲೆಯ ಮೇಲೆ ಬೇಯಲಿಟ್ಟೆ.