ಎರಡು ಒಳಲೆ ಅರಿಷ್ಟ

...ಇಲ್ಲ, ಅದು ಅರಿಷ್ಟದ ವಾಸನೆ ಆಗಿರಲಿಕ್ಕಿಲ್ಲ. ಇಷ್ಟು ವರ್ಷ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬೆಳ್ಳಿ ಒಳಲೆಯಲ್ಲಿ ಯಾವ ವಾಸನೆ ತಾನೇ ಉಳಿದೀತು? ಆದರೂ ಮೊನ್ನೆ ಅದನ್ನು ಬಿಚ್ಚಿ ಮೂಗಿಗೆ ಹಿಡಿದಾಗ ಹುಳಿ ಹಿಡಿದ ಬೆಲ್ಲ, ಒಣಗಿದ ಬೇರು, ಅದರ ಹಿಂದೆಯೇ ಗಂಟಲಿಗೆ ಚುರುಕು ಮುಟ್ಟಿಸುವ ಇನ್ನೊಂದು... ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಮೂಸಿದಳು. "ಬರೀ ಹಳೇ ಬಟ್ಟೆ ಸ್ಮೆಲ್ ಅಮ್ಮ. ಇದು ದೀಪಾನಾ?" ಎಂದಳು. ದೀಪವಲ್ಲ, ನಿನಗೆ ಹಾಲು ಹಾಕುತ್ತಿದ್ದ ಬಟ್ಟಲು, ಈ ಮೂತಿಯಿಂದ ಬಾಯಿಗೆ ಬಿಡುತ್ತಿದ್ದೆವು ಎಂದೆ. ಅದೇ ಬಟ್ಟಲಿನ ದೆಸೆಯಿಂದ ನಾನೊಮ್ಮೆ ಕೋರ್ಟಿನಿಂದ ಬಿಡುಗಡೆಯಾಗಿ ಬಂದೆ ಎನ್ನುವುದನ್ನು ಹೇಳಲಿಲ್ಲ. ಹೇಳಬೇಕೆಂದರೂ ಯಾವ ಕತೆಯನ್ನು ಹೇಳಬೇಕೆಂದು ನನಗೇ ಗೊತ್ತಿಲ್ಲ. ನನ್ನ ಹತ್ತಿರ ಎರಡಿವೆ.

ಒಳಲೆ ಎದುರುಮನೆಯ ಕಾಕು ಅವರದು. ಧಾರವಾಡದ ಕಡೆಯವರು, ಗಂಡನಿಗೆ ರೈಲ್ವೆಯಲ್ಲಿ ಕೆಲಸ. ನಾವು ಆಗ ಬಂಗಾಳದಲ್ಲಿದ್ದೆವು; ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ, ಮೂರನೆಯ ಮಹಡಿಯಲ್ಲಿ ಅವರ ಬಾಗಿಲಿಗೆ ಎದುರು ನಮ್ಮ ಬಾಗಿಲು. ಚಿಕ್ಕಪ್ಪನ ಹೆಂಡತಿಯನ್ನು ಅವರ ಊರಲ್ಲಿ ಕಾಕು ಎನ್ನುತ್ತಾರೆ. ಬಂಗಾಳಿಯಲ್ಲಿ ಚಿಕ್ಕಪ್ಪನನ್ನೇ ಹಾಗೆ ಕರೆಯುತ್ತಾರೆ. ಪಾಡಾದ, ಅಂದರೆ ನಮ್ಮ ಕೇರಿಯ, ಮಕ್ಕಳು ಸೀರೆಯುಟ್ಟ ಕಾಕುವನ್ನು ನೋಡಿ ನಗುತ್ತಿದ್ದವು. ಅವರಿಗೇನೂ ಅನ್ನಿಸುತ್ತಿರಲಿಲ್ಲ. "ಮೀಸಿ ಒಂದು ಕಡಿಮಿ ಆಗೇದ ನೋಡು," ಎನ್ನುತ್ತಿದ್ದರು.

ನನಗೆ ತಾಯಿ ಇರಲಿಲ್ಲ. ಅತ್ತೆ ಒಂದು ತಿಂಗಳಿದ್ದು ಮೈಸೂರಿಗೆ ಹೋದರು. ಉಳಿದ ಬಾಣಂತನ ಮಾಡಿದವರು ಕಾಕು. ಬೆವರಿನಲ್ಲಿ ಊರೆಲ್ಲ ನೆನೆಯುತ್ತಿರುವಾಗಲೂ ನನ್ನ ಕಿವಿಗೆ ಬಟ್ಟೆ ಕಟ್ಟಿಸಿದರು. ದಿನಾ ಸಂಜೆ ನಾಲ್ಕಕ್ಕೆ ದಶಮೂಲಾರಿಷ್ಟ, ಬೇರುಗಳನ್ನು ಬೆಲ್ಲದಲ್ಲಿ ಹುಳಿಯಿಸಿ ಮಾಡಿದ, ತುಸು ಮದ್ಯದ ಅಂಶವಿರುವ ಬಾಣಂತಿ ಔಷಧ. ಅದನ್ನು ಮುಚ್ಚಳದಲ್ಲೋ ಚಮಚೆಯಲ್ಲೋ ಅಳೆಯುತ್ತಿರಲಿಲ್ಲ. ಅವರ ತಾಯಿಯ ಮನೆಯ ರೂಢಿಯಂತೆ ಮಗುವಿನ ಒಳಲೆಯಲ್ಲೇ ಅಳೆದು ನನ್ನ ಬಾಯಿಗೆ ಸುರಿದು, ತೊಳೆದು, ಅದರಲ್ಲೇ ಕೂಸಿಗೆ ಹಾಲು. ಕೂಸಿಗೆ ಒಂದು ಅಳತಿ, ತಾಯಿಗೊಂದು ಅಳತಿ ಇಲ್ಲ ಎನ್ನುತ್ತಿದ್ದರು. ಎರಡು ಒಳಲೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರ ಮೂಗಿನ ವಿಷಯ ಇಲ್ಲಿ ಹೇಳಲೇಬೇಕು. ಮೆಟ್ಟಿಲ ಮೇಲೆ ನಿಂತೇ ಯಾರ ಮನೆಯ ಸಾಸಿವೆ ಹೊತ್ತಿತು ಎಂದು ಹೇಳುತ್ತಿದ್ದರು. ನಾನು ಕೆಲಸಕ್ಕೆ ಮರಳಿದ ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿ ಮೂಸಿ, ಆಫೀಸಿನ ಮಷೀನಿನ ಕಾಫಿ ಕುಡಿದು ಬಂದಿದ್ದಕ್ಕೆ ಬೈದರು.

ನಮ್ಮ ಆಫೀಸಿದ್ದ ಸೆಕ್ಟರ್ ಫೈವ್‌ನಲ್ಲಿ ಆಗ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಹೊಸ ಗಿರಾಕಿ ಸಿಕ್ಕಾಗಲೆಲ್ಲ ಕಂಪನಿಯಲ್ಲಿ ಔತಣ. ದುರ್ಗಾಪೂಜೆಗೆ ಒಂದು ವಾರ ಮುಂಚಿನ ಶನಿವಾರ ಮಧ್ಯಾಹ್ನವೂ ಅಂಥದೇ ಒಂದು. ಮಗು ಹುಟ್ಟಿದ ಮೇಲೆ ಯಾರಾದರೂ ನನ್ನನ್ನು ಬರೀ ನನ್ನ ಹೆಸರಿನಿಂದ ಕರೆದದ್ದು ಅಲ್ಲೇ ಮೊದಲು. ಕೈಗೆ ವೈನಿನ ಗ್ಲಾಸು ಬಂತು. ಕುಡಿದೆ. ಒಂದು ಗ್ಲಾಸ್ ಎಂದು ನೆನಪು. ಒಂದೂವರೆ ಎಂದೂ ನೆನಪು.

ಮೂರೂವರೆಗೆ ಮನೆಗೆ ಬಂದೆ. ಕೂಸು ಕಾಕು ಮನೆಯಲ್ಲಿ ಮಲಗಿತ್ತು. ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಮತ್ತೆ ಕಾರು ತೆಗೆದು ಲೇಕ್ ಮಾರ್ಕೆಟ್ಟಿಗೆ ಹೋದೆ. ವಾಪಸು ಬರುವಾಗ ತಿರುವಿನಲ್ಲಿ, ನಿಂತಿದ್ದ ಹಳದಿ ಟ್ಯಾಕ್ಸಿಯ ಹಿಂಬದಿಗೆ ತಾಗಿಸಿದೆ. ಒಳಗೆ ಮಲಗಿದ್ದ ಚಾಲಕ ಎದ್ದ, ಜನ ಸೇರಿದರು, ಬಿಳಿ ಸಮವಸ್ತ್ರದ ಸಾರ್ಜೆಂಟ್ ಯಂತ್ರ ತಂದು ಊದಿಸಿದ. ಅಂಕಿ ಮಿತಿಗಿಂತ ಸ್ವಲ್ಪವೇ ಮೇಲಿತ್ತು. ಕಾರಿನಲ್ಲಿದ್ದ ವಸ್ತುಗಳ ಪಟ್ಟಿ ಬರೆದರು: ಕಾಫಿಪುಡಿ ಒಂದು ಪೊಟ್ಟಣ, ಕರಿಬೇವು, ಅರಿಷ್ಟದ ಬಾಟಲಿ ಒಂದು, ಸೀಲು ಒಡೆಯದ್ದು. ಆ ದಿನದ ಬಗ್ಗೆ ನಾನು ನಂಬಬಹುದಾದ ಬರಹ ಇದೊಂದೇ.

ಮನೆಗೆ ಬಂದು ಗಂಡನಿಗೆ, ಬರೀ ಜ್ಯೂಸ್ ಕುಡಿದಿದ್ದೆ ಎಂದೆ. ಕಾಕು ಕೂಸನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದರು.

ವಕೀಲರು ನಮ್ಮ ಗಲ್ಲಿಯವರೇ, ಬಂಗಾಳಿ. ತಪ್ಪೊಪ್ಪಿಕೊಳ್ಳಿ, ದಂಡ ಕಟ್ಟಿ ಮನೆಗೆ ಹೋಗಿ, ಎಲ್ಲರೂ ಮಾಡುವುದು ಇಷ್ಟೇ ಎಂದರು. ಆದರೆ ಒಪ್ಪಿಕೊಂಡರೆ ಶಿಕ್ಷೆಯಾದಂತೆ. ಶಿಕ್ಷೆಯಾದವರನ್ನು ನಮ್ಮ ಕಂಪನಿ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮೂರು ತಿಂಗಳ ಕೂಸಿನ ತಾಯಿ ಕುಡಿದು ಕಾರು ಓಡಿಸಿದಳು ಎಂದು ಒಂದು ಕಾಗದದ ಮೇಲೆ ನನ್ನ ಸಹಿಯೊಂದಿಗೆ ಉಳಿಯುತ್ತಿತ್ತು. ನಾನು ಪೆನ್ನು ಹಿಡಿದೇ ಇದ್ದೆ. ಕಾಕು ಅಂದರು: "ಕುಡದಿಲ್ಲ ಅಂತಿ. ಕುಡದೀನಿ ಅಂತ ಸಹಿ ಯಾಕ ಮಾಡ್ತಿ? ಆ ದಿನ ಅರಿಷ್ಟ ಕೊಟ್ಟಾಕಿ ನಾನು. ನಾ ಬಂದು ಹೇಳತೀನಿ."

ನಾನು ಪೆನ್ನು ಕೆಳಗಿಟ್ಟು, ಅವರು ಅಂದದ್ದನ್ನು ವಕೀಲರಿಗೆ ತಿಳಿಸಿದೆ. 

ವಕೀಲರಿಗೆ ಹುರುಪು ಬಂತು. ರಕ್ತಪರೀಕ್ಷೆ ಮಾಡಿಸಿಲ್ಲ, ಯಂತ್ರಕ್ಕೆ ಔಷಧ ಯಾವುದು ಮದ್ಯ ಯಾವುದು ತಿಳಿಯುವುದಿಲ್ಲ, ವಾದ ಮಾಡಬಹುದು ಎಂದರು. ಆದರೆ ಒಳಲೆಯ ಗಾತ್ರ ನೋಡಿ ಮುಖ ಸಣ್ಣದಾಯಿತು. ಇಷ್ಟರಿಂದ ಆ ಅಂಕಿ ಬರಲಾರದು, ನಾಲ್ಕು ಎಂದು ಹೇಳಿ ಎಂದು ಕೇಳಿಕೊಂಡರು. ನಾನು ಅನುವಾದಿಸಿದೆ. ಕಾಕು ನನ್ನನ್ನೇ ಬೈದರು: "ನಾಲ್ಕು ಕೊಟ್ರ ಉಷ್ಣ ಆಗಿ ಕೂಸಿಗೆ ಭೇದಿ ಹತ್ತತದ. ನಾ ಎಂದೂ ಎರಡರ ಮ್ಯಾಲೆ ಕೊಟ್ಟಾಕಿ ಅಲ್ಲ. ನಾಲ್ಕು ಅಂತ ಹ್ಯಾಂಗ ಹೇಳಲಿ?"

ಕೋರ್ಟಿಗೆ ಅವರು ಇಳಕಲ್ ಸೀರೆ ಉಟ್ಟುಕೊಂಡು, ಒಳಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. ನಾಲ್ಕೂವರೆ ಪದ ಹಿಂದಿ, ಮೂರು ಪದ ಬಂಗಾಳಿ. ಪ್ರಮಾಣ ಮಾಡಿಸಿದಾಗ ಒಂದೊಂದೇ ಪದ ತಡವರಿಸಿ ಹೇಳಿದರು. ಆ ತಡವರಿಕೆ ಭಾಷೆಯದು ಎಂದು ಆಗ ಅಂದುಕೊಂಡೆ. ಬಾಟಲಿಯ ತಳದಲ್ಲಿ ಉಳಿದಿದ್ದ ಕೊನೆಯ ಎರಡು ಒಳಲೆ ಕೊಟ್ಟೆ, ಮುಗಿಯಿತು ಅಂತಲೇ ಹೊಸದು ತರಲು ಕಳಿಸಿದೆ ಎಂದರು. ಯಾವ ಅಳತೆ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಗಂಟು ಬಿಚ್ಚಿ ತೋರಿಸಿದರು. ಮ್ಯಾಜಿಸ್ಟ್ರೇಟರು ಮುಂದೆ ಬಗ್ಗಿ, "ಝಿನುಕ್!" ಎಂದರು. ಬಂಗಾಳಿಗಳ ಮನೆಗಳಲ್ಲೂ ಕೂಸಿಗೆ ಹಾಲು ಹಾಕಲು ಚಿಪ್ಪಿನಂಥ ಬೆಳ್ಳಿ ಬಟ್ಟಲಿದೆ, ಅದರ ಹೆಸರು. ಆ ದಿನ ಮ್ಯಾಜಿಸ್ಟ್ರೇಟರು ನಕ್ಕದ್ದು ಅದೊಂದೇ ಸಲ.

ಸರ್ಕಾರಿ ವಕೀಲರು ಕೊನೆಯದಾಗಿ ಒಂದೇ ಪ್ರಶ್ನೆ ಕೇಳಿದರು. ಔಷಧ ಕೊಡುವಾಗ ಈಕೆಯ ಹತ್ತಿರ ಕೂತಿದ್ದಿರಿ, ಬೇರೆ ಯಾವುದಾದರೂ ವಾಸನೆ ಬರುತ್ತಿತ್ತೇ?

 ಕಾಕು ಆ ವಕೀಲರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮೊದಲು ಕನ್ನಡದಲ್ಲೇ ಅಂದರು: "ಬಾಣಂತಿ ಮೈಗೆ ಹಾಲಿನ ವಾಸನಿ ಇರತದ. ಮತ್ತ್ಯಾವ ವಾಸನಿ ಬರಬೇಕು?" ಆಮೇಲೆ ಅದನ್ನೇ ತಮ್ಮ ಹಿಂದಿಯಲ್ಲಿ ಹೇಳಿದರು. ಸರ್ಕಾರಿ ವಕೀಲರು ಕೂತರು.

ಸಂಶಯದ ಲಾಭ ಕೊಟ್ಟು ನನ್ನನ್ನು ಬಿಟ್ಟರು. ಸುಳ್ಳು ಹೇಳಲು ಬಂದವರು ಇಷ್ಟು ಪುಟ್ಟ ಬಟ್ಟಲು ತರುತ್ತಿರಲಿಲ್ಲ, ಅದಕ್ಕೇ ಮ್ಯಾಜಿಸ್ಟ್ರೇಟರು ನಂಬಿದರು ಎಂದು ವಕೀಲರು ಮೆಟ್ಟಿಲಿಳಿಯುತ್ತ ಹೇಳಿದರು. ನಾಲ್ಕು ಎನ್ನದಿದ್ದದ್ದೇ ನನ್ನನ್ನು ಉಳಿಸಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಕಾಕು, ಕಾಳಿಘಾಟ್‌ನಲ್ಲಿ ಇಳಿಯೋಣ ಎಂದರು. ಗುಡಿಯ ಸಾಲಿನಲ್ಲಿ ತುಂಬಾ ಹೊತ್ತು ನಿಂತೆವು. ಒಳಗೆ ಅವರು ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. ಅದು ಕೋರ್ಟಿನಲ್ಲಿ ಹೇಳಿದ್ದಕ್ಕೆ ತಪ್ಪು ಕಾಣಿಕೆ ಎಂದು ಈಗ ಅನ್ನಿಸುತ್ತದೆ. ಆದರೆ ಅವರು ಯಾವ ದೇವರ ಮುಂದೆಯೂ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಅಂದು ಮಂಗಳವಾರವೂ ಆಗಿತ್ತು. ಇದರಿಂದ ಏನನ್ನೂ ಸಾಧಿಸಲಾಗುವುದಿಲ್ಲ.

ಮರುದಿನ ಸಂಜೆ ಆಫೀಸು ಮುಗಿಸಿ, ಎಂದಿನಂತೆ ಹೋಗಿ ಕೂತೆ. ಕಾಕು ಕೂಸಿಗೆ ಹಾಲು ಹಾಕಿದರು, ಒಳಲೆ ತೊಳೆದು ಬೋರಲು ಹಾಕಿದರು. ನಾನು ಅರಿಷ್ಟದ ಬಾಟಲಿಯ ಕಡೆ ನೋಡಿದೆ. "ಸಾಕಿನ್ನ ತಂಗಿ," ಎಂದರು, "ಬಾಣಂತನ ಮುಗೀತು." ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೂ ಎರಡು ವರ್ಷ ಕೂಸನ್ನು ಅವರೇ ನೋಡಿಕೊಂಡರು. ಆಫೀಸಿನಿಂದ ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಮೂಸುವುದನ್ನು ಮಾತ್ರ ಬಿಟ್ಟರು... ನಾನು ಕೇಳಬಹುದಿತ್ತು. ದಿನಕ್ಕೆ ಹತ್ತು ಸಲ ಅವರ ಬಾಗಿಲು ದಾಟುತ್ತಿದ್ದೆ.

ಅವರ ಗಂಡ ನಿವೃತ್ತರಾಗಿ ಧಾರವಾಡಕ್ಕೆ ಹೊರಟಾಗ, ಕಾಕು ತಮ್ಮ ಮಕ್ಕಳನ್ನೆಲ್ಲ ಬೆಳೆಸಿದ ಒಳಲೆಯನ್ನು ನನ್ನ ಕೈಗಿಟ್ಟರು. ಮುಂದಿನದಕ್ಕೆ ಬೇಕಾಗತದ ಎಂದರು. ಮುಂದಿನದು ಹುಟ್ಟಲಿಲ್ಲ. ಕಾಕು ಹೋದ ಸುದ್ದಿ ಫೋನಿನಲ್ಲಿ ಬಂತು, ಹದಿಮೂರನೆಯ ದಿನವೂ ಕಳೆದ ಮೇಲೆ.

ಆ ಶನಿವಾರವನ್ನು ಈಗ ಕಣ್ಣಿಗೆ ತಂದುಕೊಂಡರೆ ಒಂದು ನೆನಪಿನಲ್ಲಿ ಒಳಲೆ ನನ್ನ ಬಾಯಿಗೆ ಬರುತ್ತದೆ, ಕಹಿ ಒಗರು ನಾಲಗೆಗೆ ತಾಗುತ್ತದೆ. ಇನ್ನೊಂದರಲ್ಲಿ ಕಾಕು ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬರುವಾಗ ಒಂದು ತಗೊಂಡು ಬಾ ಎನ್ನುತ್ತಾರೆ, ನಾನು ಉಸಿರು ಬಿಗಿಹಿಡಿದು ದೂರ ನಿಂತಿರುತ್ತೇನೆ. ಮೊದಲನೆಯದನ್ನು ಕೋರ್ಟಿನಲ್ಲಿ ಕೇಳಿ ಕಲಿತೆನೋ ಏನೋ.

ಮಗಳು ಒಳಲೆಯನ್ನು ಉಜ್ಜಿ ಕಿಟಕಿಯ ಹತ್ತಿರ ಇಟ್ಟಿದ್ದಾಳೆ. ಈಗ ಅದಕ್ಕೆ ಯಾವ ವಾಸನೆಯೂ ಇಲ್ಲ. ಆ ಸಂಜೆ ಬಾಟಲಿಯ ತಳದಲ್ಲಿ ಎರಡು ಒಳಲೆ ಅರಿಷ್ಟ ಉಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.